ಭಾಸ್ಕರ, 12 ಪಾಯಿಂಟ್

ಮಾವನ ಪ್ರೆಸ್ಸಿನಲ್ಲಿ ಬಾಸ್ಕರ್‌ವಿಲ್ ಎಂದು ಪೂರ್ತಿ ಹೆಸರು ಹೇಳುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅದು ಭಾಸ್ಕರ. ಭಾಸ್ಕರ ಹನ್ನೆರಡು, ಭಾಸ್ಕರ ಹದಿನೆಂಟು, ಭಾಸ್ಕರ ಇಟಾಲಿಕ್. ಮದ್ರಾಸಿನಿಂದ ಮರದ ಪೆಟ್ಟಿಗೆಯಲ್ಲಿ ಬಂದಿದ್ದ ಆ ಇಂಗ್ಲಿಷ್ ಮೊಳೆಗಳಿಗೆ ಧೂಳು ಕಡಿಮೆ ಬೀಳುವ ಮೂಲೆಯಲ್ಲಿ ಜಾಗ ಕೊಟ್ಟಿದ್ದರು. ಫೋರ್ಮನ್ನರ ಅಪ್ಪಣೆಯಿಲ್ಲದೆ ಆ ಕೇಸುಗಳನ್ನು ಯಾರೂ ಎಳೆಯುವಂತಿರಲಿಲ್ಲ. ಭಾವ ಯಜಮಾನರ ಮಗನೇ ಆಗಿದ್ದರೂ ಅವನಿಗೂ ಅದೇ ಕಾನೂನು.

1970ರ ದಶಕ. ಮೈಸೂರಿನ ಶಿವರಾಂಪೇಟೆಯ ಒಂದು ಉದ್ದನೆಯ ಹೆಂಚಿನ ಮನೆಯ ಮುಂಭಾಗ ಪ್ರೆಸ್ಸು, ಹಿಂಭಾಗ ಸಂಸಾರ. ಬೇಸಿಗೆ ರಜಕ್ಕೆ ನನ್ನನ್ನು ಅಲ್ಲಿಗೆ ಕಳಿಸಿಬಿಡುತ್ತಿದ್ದರು. ಭಾವ ನನಗಿಂತ ಎರಡು ವರ್ಷ ದೊಡ್ಡವನು. ಅತ್ತೆ ಬೆಳಗಿನ ತಿಂಡಿ ಬಡಿಸಿದ ಮೇಲೆ ನಮ್ಮಿಬ್ಬರನ್ನೂ ಮುಂಬಾಗಿಲಿಗೆ ಅಟ್ಟುತ್ತಿದ್ದರು. ನಮಗಲ್ಲಿ ಒಂದೇ ಕೆಲಸ, ಡಿಸ್ಟ್ರಿಬ್ಯೂಷನ್. ಅಚ್ಚಾಗಿ ಮುಗಿದ ಫಾರಮ್ಮನ್ನು ಸೀಮೆಎಣ್ಣೆಯ ಬ್ರಷ್ಷಿನಲ್ಲಿ ತೊಳೆದು, ದಾರ ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಮನೆಗೆ ಹಾಕುವುದು. ಕಲಿಯುವವರಿಗೆ ಎಲ್ಲ ಪ್ರೆಸ್ಸಿನಲ್ಲೂ ಇದೇ ಅಕ್ಷರಾಭ್ಯಾಸ. ಜೋಡಿಸುವುದು ದೊಡ್ಡವರ ಕೆಲಸ, ಬಿಚ್ಚುವುದು ಹುಡುಗರದು.

ಕನ್ನಡದ ಕೇಸು ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಕಾಗುಣಿತ, ಒತ್ತು, ಅರ್ಧಾಕ್ಷರ ಎಲ್ಲ ಸೇರಿ ನೂರಾರು ಮನೆ. ಅದರ ಮುಂದೆ ನಿಂತ ಕಂಪೋಸಿಟರು ಎರಡೂ ಕೈ ಚಾಚಿ, ಒಮ್ಮೊಮ್ಮೆ ತುದಿಗಾಲಲ್ಲಿ ನಿಂತು ಮೊಳೆ ಹೆಕ್ಕಬೇಕು. ಇಂಗ್ಲಿಷಿನದು ಎರಡೇ ಕೇಸು, ಮೇಲೆ ಕ್ಯಾಪಿಟಲ್, ಕೆಳಗೆ ಸಣ್ಣಕ್ಷರ. ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಇಂಗ್ಲಿಷ್. ಮೊದಮೊದಲು ಟೈಮ್ಸ್. ಸ್ವಲ್ಪ ಕೈ ಪಳಗಿತೆಂದು ಕಂಡ ಮೇಲೆ ಒಂದು ದಿನ ಫೋರ್ಮನ್ನರು, “ಕೈ ತೊಳಕೊಂಡು ಬನ್ನಿ ಮರಿ” ಎಂದರು. ಅವತ್ತು ಭಾಸ್ಕರನ ಕೇಸು ಹೊರಗೆ ಬಂತು.

ಮೊಳೆ ಕೈಯಲ್ಲಿ ಹಿಡಿದವರಿಗೆ ಗೊತ್ತು, ಅಕ್ಷರ ಅಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಬಿ ಡಿ ಪಿ ಕ್ಯೂ ಎಂಬ ನಾಲ್ಕು ಸಣ್ಣಕ್ಷರಗಳು ಸೇರಿ ಹೊಸಬರ ಪ್ರಾಣ ತೆಗೆಯುತ್ತವೆ. ಮೊಳೆಯ ಒಂದು ಮೈಯಲ್ಲಿ ಅಡ್ಡಕ್ಕೆ ಒಂದು ಗೀರು ಇರುತ್ತದೆ, ನಿಕ್ ಅನ್ನುತ್ತಾರೆ. ಹೆಬ್ಬೆರಳಿಗೆ ನಿಕ್ ಸಿಕ್ಕರೆ ಅಕ್ಷರ ತಲೆಕೆಳಗಾಗಿಲ್ಲ ಎಂದು ನೋಡದೆಯೇ ಹೇಳಬಹುದು. ಫೋರ್ಮನ್ನರು ನಮಗೆ ಹೇಳಿಕೊಟ್ಟ ಮೊದಲನೆಯ ಪಾಠ ಇದು. ಎರಡನೆಯದು, ಅಕ್ಷರವನ್ನು ಅದರ ಕೈಕಾಲಿನ ತುದಿಯಿಂದ ಗುರುತಿಸುವುದು.

ಆ ತುದಿಗಳನ್ನು ಸೆರಿಫ್ ಅನ್ನುತ್ತಾರೆ. ಇಂಗ್ಲಿಷಿನ ಐ ಅಕ್ಷರದ ಕಂಬದ ಮೇಲೆ ಕೆಳಗೆ ಇರುವ ಪುಟ್ಟ ಅಡ್ಡಗೆರೆ, ಟಿ ಅಕ್ಷರದ ತೋಳಿನಿಂದ ಇಳಿಯುವ ಚಿಕ್ಕ ಮೂತಿ. ನಮ್ಮ ತಲೆಕಟ್ಟಿನ ಹಾಗೆ ಅನ್ನಿಸಬಹುದು, ಆದರೆ ತಲೆಕಟ್ಟಿಗೆ ಉಚ್ಚಾರದ ಹೊಣೆಯಿದೆ, ಅದು ಹೋಗಿ ಗುಡಿಸು ಬಂದರೆ ಅಕ್ಷರವೇ ಬೇರೆ. ಸೆರಿಫಿಗೆ ಅಂಥ ಹೊಣೆ ಇಲ್ಲ. ತೆಗೆದರೂ ಐ ಐಯೇ, ಟಿ ಟಿಯೇ. ಅಷ್ಟಾದರೂ ಒಂದು ಸಾಲು ನೆಟ್ಟಗೆ ನಿಂತಂತೆ ಕಾಣುವುದರಲ್ಲಿ, ಓದುವ ಕಣ್ಣು ಜಾರದೆ ಸಾಗುವುದರಲ್ಲಿ ಅದರ ಪಾಲು ದೊಡ್ಡದೆಂದು ನಾವೆಲ್ಲ ನಂಬಿದ್ದೆವು. ಟೈಮ್ಸ್‌ನಲ್ಲಿ ಆ ತುದಿಗಳು ಚೂಪು, ಗಡಿಬಿಡಿಯವು. ಭಾಸ್ಕರನಲ್ಲಿ ಕಂಬದಿಂದ ಸೆರಿಫಿಗೆ ಹೋಗುವ ತಿರುವು ಮೆತ್ತಗಿದೆ, ತುದಿ ಮಾತ್ರ ತೆಳುವಾಗಿ ಮುಗಿಯುತ್ತದೆ. ದಪ್ಪ ಗೆರೆ ನಿಜವಾಗಿ ದಪ್ಪ, ತೆಳು ಗೆರೆ ಕೂದಲೆಳೆ. ಓ ಅಕ್ಷರ ಹೆಚ್ಚುಕಡಿಮೆ ಪೂರ್ತಿ ದುಂಡು. ದೊಡ್ಡ ಇ ಅಕ್ಷರದ ಕೆಳಗಿನ ತೋಳು ಮೇಲಿನದಕ್ಕಿಂತ ಉದ್ದ. ಜೆ ಗೆರೆಯಿಂದ ಕೆಳಗಿಳಿಯುತ್ತದೆ. ಸಣ್ಣ ಜಿ ಅಕ್ಷರದ ಕೆಳಗಿನ ಸುತ್ತು ಪೂರ್ತಿ ಮುಚ್ಚುವುದಿಲ್ಲ, ಎಡಗಡೆ ಬಾಯಿ ತೆರೆದೇ ಇರುತ್ತದೆ. ಆ ತೆರೆದ ಬಾಯಿಯ ಜಿ ಒಂದನ್ನು ನೋಡಿದರೆ ಸಾಕು, ಭಾಸ್ಕರ ಎಂದು ಕಣ್ಣು ಮುಚ್ಚಿ ಹೇಳಬಹುದು.

ಕೇಸನ್ನು ಕಾಯುತ್ತಿದ್ದುದರಲ್ಲಿ ಫೋರ್ಮನ್ನರ ಜಂಬವೇನೂ ಇರಲಿಲ್ಲ. ಗಿರಾಕಿ ಬಂದು, “ಆ ಚೆನ್ನಾಗಿರೋ ಅಕ್ಷರದಲ್ಲಿ ಮಾಡ್ಕೊಡಿ” ಎಂದರೆ ಅವರು ಮೊದಲು ಕೇಳುತ್ತಿದ್ದದ್ದು ಕಾಗದ ಯಾವುದು ಎಂದು. ಅಗ್ಗದ ಒರಟು ಕಾಗದವಾದರೆ, “ಅದಕ್ಕೆ ಟೈಮ್ಸ್ ಸಾಕು ಬಿಡಿ ಸ್ವಾಮಿ” ಎಂದು ಮುಗಿಸುತ್ತಿದ್ದರು. ಭದ್ರಾವತಿಯದೋ ದಾಂಡೇಲಿಯದೋ ನಯವಾದ ಕಾಗದ, ಇಲ್ಲವೇ ಒಳ್ಳೆ ಕಾರ್ಡು ತಂದರೆ ಮಾತ್ರ ಭಾಸ್ಕರ. ಕೂದಲೆಳೆಯ ಗೆರೆ ಒರಟು ಕಾಗದದಲ್ಲಿ ಅಲ್ಲಲ್ಲಿ ಕಡಿದುಹೋಗುತ್ತದೆ. ಕಡಿಯದಿರಲಿ ಎಂದು ಒತ್ತಡ ಹೆಚ್ಚಿಸಿದರೆ ಮೊಳೆ ಸವೆಯುತ್ತದೆ. ಶಾಯಿ ಹೆಚ್ಚಿಸಿದರೆ ತೆರೆದ ಜಿ ಮುಚ್ಚಿಕೊಂಡು ಎಂಟರ ಅಂಕಿಯಾಗುತ್ತದೆ.

ಟ್ರೆಡಲ್ ತುಳಿಯುವ ಅಣ್ಣನಿಗೆ ಭಾಸ್ಕರನ ಕೆಲಸ ಬಂತೆಂದರೆ ಮುಖ ಸಪ್ಪೆ. ಪಾಂಪ್ಲೆಟ್ಟು, ರಸೀದಿ ಪುಸ್ತಕವಾದರೆ ಫಾರಂ ಕೂರಿಸಿ ಹತ್ತು ನಿಮಿಷಕ್ಕೆ ತುಳಿಯಲು ಶುರು. ಭಾಸ್ಕರನಿಗೆ ಮೇಕ್ರೆಡಿಯೇ ಅರ್ಧ ದಿನ. ಒಂದು ಕಾಪಿ ತೆಗೆದು ಬೆಳಕಿಗೆ ಹಿಡಿಯುವುದು. ಎಲ್ಲಿ ಅಕ್ಷರ ತಿಳಿಯಾಗಿದೆಯೋ ಅಲ್ಲಿ ಪ್ಯಾಕಿಂಗಿನ ಮೇಲೆ ಟಿಶ್ಯೂ ಕಾಗದದ ತುಣುಕನ್ನು ಮೈದಾ ಅಂಟಿನಿಂದ ಅಂಟಿಸುವುದು, ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಬ್ಲೇಡಿನಲ್ಲಿ ಕೆತ್ತಿ ತೆಗೆಯುವುದು. ಮತ್ತೆ ಕಾಪಿ, ಮತ್ತೆ ಬೆಳಕು. ಫೋರ್ಮನ್ನರು ಕಾರ್ಡಿನ ಹಿಂಬದಿಯ ಮೇಲೆ ಬೆರಳಾಡಿಸುತ್ತಿದ್ದರು. ಅಕ್ಷರದ ಉಬ್ಬು ಬೆರಳಿಗೆ ತಾಗಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ರೋಲರುಗಳ ಕತೆ ಬೇರೆ. ಅಂಟು, ಕಾಕಂಬಿ ಕಾಯಿಸಿ ಎರಕ ಹೊಯ್ದ ರೋಲರು ಏಪ್ರಿಲ್ ಮಧ್ಯಾಹ್ನಕ್ಕೆ ಮೆತ್ತಗಾಗಿ ಶಾಯಿಯನ್ನು ಮೆತ್ತಿಬಿಡುತ್ತಿತ್ತು. ಹಾಗಾಗಿ ಭಾಸ್ಕರ ಅಚ್ಚಾಗುತ್ತಿದ್ದದ್ದು ಬೆಳಗಿನ ತಂಪಿನಲ್ಲಿ. ಬಿಸಿಲೇರಿದ ಮೇಲೆ ಟ್ರೆಡಲ್ ಅಣ್ಣ ರಸೀದಿ ಪುಸ್ತಕಕ್ಕೆ ಹೊರಳುತ್ತಿದ್ದ.

ಇಷ್ಟು ಸೊಕ್ಕಿನ ಅಕ್ಷರವನ್ನು ಯಾರು ಕೇಳುತ್ತಿದ್ದರು ಅಂದರೆ, ಹೊಸದಾಗಿ ನರ್ಸಿಂಗ್ ಹೋಮ್ ತೆಗೆದ ಡಾಕ್ಟರು ಲೆಟರ್‌ಹೆಡ್ಡಿಗೆ, ವಕೀಲರು ವಿಸಿಟಿಂಗ್ ಕಾರ್ಡಿಗೆ, ಸಂಗೀತದ ಸಭೆಯವರು ಕಚೇರಿಯ ಆಹ್ವಾನಕ್ಕೆ, ಕಾಲೇಜಿನವರು ವಾರ್ಷಿಕ ಸಂಚಿಕೆಯ ಇಂಗ್ಲಿಷ್ ವಿಭಾಗದ ಮೊದಲ ಪುಟಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ ಮದುವೆಯವರು. ಮಗ ಬೊಂಬಾಯಿಯಲ್ಲೋ ಡೆಲ್ಲಿಯಲ್ಲೋ ಕೆಲಸದಲ್ಲಿದ್ದರೆ ಅವನ ಆಫೀಸಿನವರಿಗೆ ಕೊಡಲು ಒಂದಷ್ಟು ಇಂಗ್ಲಿಷ್ ಕಾರ್ಡು ಬೇಕೇಬೇಕು.

ಮದುವೆ ಕಾರ್ಡಿನಲ್ಲಿ ಒಂದು ಪೇಚಾಟ ಇರುತ್ತಿತ್ತು. ಫೌಂಡ್ರಿಯವರು ಮೊಳೆ ಎರಕ ಹೊಯ್ದು ಕಳಿಸುವಾಗ ಯಾವ ಅಕ್ಷರ ಎಷ್ಟು ಎಂದು ಇಂಗ್ಲಿಷ್ ಭಾಷೆಯ ಲೆಕ್ಕ ಹಿಡಿಯುತ್ತಾರೆ. ಆ ಭಾಷೆಯಲ್ಲಿ ಇ ಅಕ್ಷರವೇ ಎಲ್ಲಕ್ಕಿಂತ ಹೆಚ್ಚು, ಹಾಗಾಗಿ ಕೇಸಿನ ನಟ್ಟನಡುವೆ ಅದಕ್ಕೆ ದೊಡ್ಡ ಮನೆ. ನಮ್ಮ ಮೈಸೂರಿನ ವರ ನಾರಾಯಣಸ್ವಾಮಿ, ವಧು ವಿಜಯಲಕ್ಷ್ಮಿ. ನಾರಾಯಣಸ್ವಾಮಿ ಒಬ್ಬನಿಗೇ ಐದು ಎ ಬೇಕು, ವಿಜಯಲಕ್ಷ್ಮಿಗೆ ಮೂರು. ಇಬ್ಬರ ಹೆಸರಲ್ಲೂ ಹುಡುಕಿದರೆ ಒಂದೇ ಒಂದು ಇ ಇಲ್ಲ. ಹುಡುಗನ ಅಪ್ಪ, ಹುಡುಗಿಯ ಅಪ್ಪ, ಊರು, ಛತ್ರ ಎಲ್ಲ ಸೇರುವ ಹೊತ್ತಿಗೆ ಎ ಮನೆ ಖಾಲಿ. ಟೈಮ್ಸ್‌ನ ಎ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಭಾವ ಒಮ್ಮೆ ಸಲಹೆ ಕೊಟ್ಟಿದ್ದ. ಫೋರ್ಮನ್ನರು ಅವನನ್ನು ನೋಡಿದ ನೋಟ ನನಗೀಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಕಂಡುಕೊಂಡಿದ್ದ ಉಪಾಯ ಬೇರೆ. ವಧೂವರರ ಹೆಸರನ್ನೂ ಛತ್ರದ ಹೆಸರನ್ನೂ ಪೂರ್ತಿ ಕ್ಯಾಪಿಟಲ್ಲಿಗೆ ಹಾಕಿ, ಅಕ್ಷರಗಳ ನಡುವೆ ತೆಳ್ಳನೆಯ ಸ್ಪೇಸು ತುರುಕಿ ಹರಡಿಬಿಡುವುದು. ಕ್ಯಾಪಿಟಲ್ ಎ ಬೇರೆ ಮನೆಯದು, ಅದಕ್ಕೆ ಬರವಿಲ್ಲ. ಗಿರಾಕಿಗಳು ಅದನ್ನೇ ಮೆಚ್ಚಿಕೊಂಡರು. ಭಾಸ್ಕರನ ಕ್ಯಾಪಿಟಲ್ಲುಗಳು ಸ್ವಲ್ಪ ಉಸಿರಾಡಲು ಜಾಗ ಸಿಕ್ಕರೆ ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲುತ್ತವೆ. ಅದಕ್ಕೆ ಕಾರಣವಿದೆ ಎಂದು ನಮಗೆ ಆಮೇಲೆ ತಿಳಿಯಿತು.

ಕ್ಯೂ ಅಕ್ಷರದ ವಿಷಯ ಇನ್ನೊಂದು. ಭಾಸ್ಕರನ ಕ್ಯಾಪಿಟಲ್ ಕ್ಯೂಗೆ ಒಂದು ಬಾಲ, ಗೆರೆಯ ಕೆಳಗಿಳಿದು ಬಲಕ್ಕೆ ಬೀಸಿ ಹೋಗುವಂಥದ್ದು. ಇಡೀ ಕೇಸಿನಲ್ಲಿ ಅಷ್ಟು ಚೆಂದದ ಮೊಳೆ ಇನ್ನೊಂದಿಲ್ಲ, ಆದರೆ ಅದಕ್ಕೆ ಕೆಲಸವೇ ಇಲ್ಲ. ಕ್ಯೂ ಬರುವ ಹೆಸರು ನಮ್ಮ ಬೀದಿಯಲ್ಲಿ ಎಲ್ಲಿಂದ ಬರಬೇಕು? ಕೊನೆಗೊಮ್ಮೆ ಮಂಡಿ ಮೊಹಲ್ಲದಿಂದ ಖುರೇಷಿ ಮನೆತನದ ಮದುವೆ ಕಾರ್ಡಿನ ಕೆಲಸ ಬಂತು. ಫೋರ್ಮನ್ನರು ಕೈಬರಹದ ಪ್ರತಿ ಓದಿ, ಏನೂ ಮಾತಾಡದೆ ಹದಿನೆಂಟು ಪಾಯಿಂಟಿನ ಕೇಸು ಎಳೆದರು. ಶಾಯಿಯನ್ನೇ ಕಾಣದ ಆ ಕ್ಯೂ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೊದಲ ಕಾಪಿ ತೆಗೆದಾಗ ಒಳಗಿನಿಂದ ಅತ್ತೆಯನ್ನೂ ಕರೆದು ತೋರಿಸಿದ್ದು ನಾನು ಬಲ್ಲಂತೆ ಅದೊಂದೇ ಸಲ. ಅತ್ತೆ ಕಾರ್ಡು ನೋಡಿ, “ಬಾಲ ಚೆನ್ನಾಗಿದೆ” ಎಂದು ಹೇಳಿ ಕುಕ್ಕರಿನ ಸದ್ದಿಗೆ ಒಳಗೆ ಓಡಿದರು.

ಕನ್ನಡ, ಇಂಗ್ಲಿಷ್ ಎರಡೂ ಅಕ್ಕಪಕ್ಕ ಬರುವ ಕಾರ್ಡುಗಳಲ್ಲಿ ಭಾಸ್ಕರನ ನಿಜವಾದ ಗುಣ ಗೊತ್ತಾಗುತ್ತಿತ್ತು ಅಂತ ಈಗ ಅನ್ನಿಸುತ್ತದೆ. ನಮ್ಮ ಅಕ್ಷರ ದುಂಡು, ಅಗಲ, ಒಳಗೆ ತೆರಪು ಜಾಸ್ತಿ. ಟೈಮ್ಸ್ 1932ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಕಿರಿದಾದ ಅಂಕಣಕ್ಕೆಂದು ಬಂದ ಅಕ್ಷರ, ಮೈ ಹಿಡಿದುಕೊಂಡೇ ಇರುತ್ತದೆ. ಕನ್ನಡದ ಪಕ್ಕ ಅದನ್ನು ನಿಲ್ಲಿಸಿದರೆ ಇಂಗ್ಲಿಷ್ ಭಾಗ ಬಡಕಲಾಗಿ ಕಪ್ಪಗೆ ಕಾಣುತ್ತದೆ. ಭಾಸ್ಕರ ಕೈಕಾಲು ಚಾಚಿ ಕೂರುವವನು. ಕನ್ನಡ ಹದಿನಾಲ್ಕರ ಪಕ್ಕ ಭಾಸ್ಕರ ಹನ್ನೆರಡು ಹಾಕಿದರೆ ಎರಡೂ ಬದಿ ಒಂದೇ ಹದದ ಕಪ್ಪಾಗಿ ಬರುತ್ತಿತ್ತು. ಈ ಜೋಡಿಯನ್ನು ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ಫೋರ್ಮನ್ನರು ಕಣ್ಣು ಅರೆಮುಚ್ಚಿ, ಕಾಪಿಯನ್ನು ಮಾರು ದೂರ ಹಿಡಿದು ನೋಡಿ ಗೊತ್ತುಮಾಡಿಕೊಂಡದ್ದು. ಇವತ್ತಿನ ಆಹ್ವಾನ ಪತ್ರಿಕೆಗಳಲ್ಲಿ ಎರಡು ಲಿಪಿಗಳು ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರಂತೆ ನಿಂತಿರುವುದನ್ನು ನೋಡಿದಾಗ ಅವರ ಆ ಅರೆಮುಚ್ಚಿದ ಕಣ್ಣು ನೆನಪಾಗುತ್ತದೆ.

ಸಂಜೆ ಆರಕ್ಕೆ ಪ್ರೆಸ್ಸು ಮುಚ್ಚಿದರೆ ನಾನೂ ಭಾವನೂ ನೇರವಾಗಿ ಲ್ಯಾನ್ಸ್‌ಡೌನ್ ಕಟ್ಟಡದ ಹಳೆ ಪುಸ್ತಕದಂಗಡಿಗಳಿಗೆ. ಕೊಳ್ಳಲು ದುಡ್ಡಿಲ್ಲ, ಆದರೆ ತಿರುವಿ ಹಾಕಲು ಅಡ್ಡಿಯಿಲ್ಲ. ಅಲ್ಲಿ ರಾಶಿ ಬಿದ್ದಿರುತ್ತಿದ್ದ ಪೆಂಗ್ವಿನ್ ಪುಸ್ತಕಗಳಲ್ಲಿ ಒಂದು ಗುಟ್ಟಿತ್ತು. ಶೀರ್ಷಿಕೆ ಪುಟದ ಬೆನ್ನಿಗೆ, ಕೆಳಗಡೆ, ಸಣ್ಣದಾಗಿ ಪುಸ್ತಕ ಯಾವ ಅಕ್ಷರದಲ್ಲಿ ಅಚ್ಚಾಗಿದೆ ಎಂದು ಬರೆದಿರುತ್ತಿದ್ದರು. ಮೊನೋಟೈಪ್ ಬೆಂಬೊ, ಮೊನೋಟೈಪ್ ಗ್ಯಾರಮಾಂಡ್, ಮೊನೋಟೈಪ್ ಬಾಸ್ಕರ್‌ವಿಲ್. ನಮ್ಮಾಟ ಇಷ್ಟೇ. ಒಬ್ಬ ನಡುಪುಟ ತೆರೆದು ಹಿಡಿಯಬೇಕು, ಇನ್ನೊಬ್ಬ ಹೆಸರು ಹೇಳಬೇಕು, ಆಮೇಲೆ ಮೊದಲ ಪುಟ ತಿರುವಿ ಸರಿಯೋ ತಪ್ಪೋ ನೋಡಬೇಕು. ಸೋತವನು ಗೆದ್ದವನಿಗೆ ಕಡಲೆಕಾಯಿ ಕೊಡಿಸಬೇಕು. ಭಾವ ಜಿ ಹುಡುಕುತ್ತಿದ್ದ. ನಾನು ಡಬ್ಲ್ಯೂ ಹುಡುಕುತ್ತಿದ್ದೆ, ಯಾಕೆಂದರೆ ಭಾಸ್ಕರನ ಸಣ್ಣ ಡಬ್ಲ್ಯೂಗೆ ನಡುವಿನ ಶಿಖರದಲ್ಲಿ ಸೆರಿಫ್ ಇರುವುದಿಲ್ಲ. ಅಂಗಡಿಯವರು ನಾವು ಕತೆ ಓದುತ್ತಿದ್ದೇವೆಂದೇ ತಿಳಿದಿದ್ದರು. ಎಷ್ಟೋ ದೊಡ್ಡ ಲೇಖಕರ ಪುಸ್ತಕಗಳನ್ನು ಹೀಗೆ ಒಂದು ಸಾಲೂ ಓದದೆ ತಿರುವಿ ಹಾಕಿದ್ದೇವೆ.

ಅಂಥದೇ ಒಂದು ರಾಶಿಯಲ್ಲಿ ಮುದ್ರಣದ ಚರಿತ್ರೆಯ ಹಳೆ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು, ರಟ್ಟು ಹರಿದದ್ದು. ಅದನ್ನು ಮಾತ್ರ ಕೊಂಡೆವು. ಅದರಲ್ಲಿ ನಮ್ಮ ಭಾಸ್ಕರನ ಜಾತಕವೇ ಇತ್ತು.

ಜಾನ್ ಬಾಸ್ಕರ್‌ವಿಲ್ ಹುಟ್ಟಿದ್ದು 1706ರಲ್ಲಿ, ಇಂಗ್ಲೆಂಡಿನ ವೂಸ್ಟರ್‌ಶೈರಿನಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ಮೇಷ್ಟ್ರಾಗಿದ್ದ, ಜೊತೆಗೆ ಗೋರಿಕಲ್ಲುಗಳ ಮೇಲೆ ಹೆಸರು ಕೆತ್ತುತ್ತಿದ್ದ. ಕ್ಯಾಪಿಟಲ್ಲುಗಳು ಕಲ್ಲಿನ ಕೆತ್ತನೆಯ ಹಾಗೆ, ಇಟಾಲಿಕ್ ತಿದ್ದಿದ ಕೈಬರಹದ ಹಾಗೆ ಏಕೆ ಇವೆ ಎಂಬುದು ಆಗ ಹೊಳೆಯಿತು. ದುಡ್ಡು ಮಾಡಿದ್ದು ಮಾತ್ರ ಬೇರೆ ಕಸುಬಿನಲ್ಲಿ. ತಟ್ಟೆ, ಪೆಟ್ಟಿಗೆಗಳಿಗೆ ಮೆರುಗೆಣ್ಣೆ ಬಳಿದು ಚಿತ್ರ ಬರೆಸಿ ಮಾರುವುದು. ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನೆಂಟರೊಬ್ಬರಿಗೆ ಇದನ್ನು ಹೇಳಿದಾಗ ಅವರು, ಹಾಗಾದರೆ ಅವನು ನಮ್ಮವನೇ ಎಂದು ಬಹಳ ಖುಷಿಪಟ್ಟರು. ನಾಡಿನ ಚುನಾವಣೆಗೆಲ್ಲ ಬೆರಳಿನ ಶಾಯಿ ಕಳಿಸುವ ಕಾರ್ಖಾನೆಯವರು, ಶಾಯಿಯ ವಿಷಯದಲ್ಲಿ ಯಾರನ್ನು ಬೇಕಾದರೂ ನಮ್ಮವರೆನ್ನಬಹುದು.

ಕೈತುಂಬ ದುಡ್ಡಾದ ಮೇಲೆ, 1750ರ ಸುಮಾರಿಗೆ, ಅವನು ಅಕ್ಷರದ ಹುಚ್ಚಿಗೆ ಬಿದ್ದ. ಜಾನ್ ಹ್ಯಾಂಡಿ ಎಂಬ ಕೆತ್ತನೆಗಾರನನ್ನು ಇಟ್ಟುಕೊಂಡು ಉಕ್ಕಿನ ತುದಿಯಲ್ಲಿ ಒಂದೊಂದು ಅಕ್ಷರದ ಪಂಚ್ ಕೆತ್ತಿಸಿದ. ಆ ಪಂಚನ್ನು ತಾಮ್ರಕ್ಕೆ ಹೊಡೆದರೆ ಅಚ್ಚು, ಅಚ್ಚಿಗೆ ಸೀಸದ ಎರಕ ಹೊಯ್ದರೆ ಮೊಳೆ. ಅಷ್ಟು ತೆಳುವಾದ ಗೆರೆ ಕೆತ್ತಿಸಿದ ಮೇಲೆ ಅದು ಕಾಗದದ ಮೇಲೆ ಬೀಳಬೇಕಲ್ಲ? ಆಗಿನ ಕಾಗದಕ್ಕೆ ಲೇಡ್ ಅನ್ನುತ್ತಾರೆ. ಜರಡಿಯ ತಂತಿಗಳ ಗುರುತು ಮೈಮೇಲೆಲ್ಲ ಏಳುವಂಥ ಕಾಗದ. ಜೇಮ್ಸ್ ವಾಟ್ಮನ್ನನ ಗಿರಣಿಯಿಂದ ಅವನಿಗೆ ಬೇರೆ ಬಗೆಯದು ಸಿಕ್ಕಿತು, ನೇಯ್ದ ತಂತಿಬಲೆಯ ಮೇಲೆ ತಯಾರಾದ, ಗೀರಿಲ್ಲದ ನಯವಾದ ವೋವ್ ಕಾಗದ. 1757ರಲ್ಲಿ ಬಂದ ಅವನ ಮೊದಲ ಪುಸ್ತಕ, ಲ್ಯಾಟಿನ್ ಕವಿ ವರ್ಜಿಲನದು, ಸ್ವಲ್ಪ ಭಾಗ ಆ ಕಾಗದದಲ್ಲಿ, ಉಳಿದದ್ದು ಲೇಡ್‌ನಲ್ಲಿ ಅಚ್ಚಾಯಿತು. ನಮ್ಮ ಮಾವನ ಗೋದಾಮಿನಲ್ಲಿ ಕಾದಂಬರಿಗೆಂದು ಇರುತ್ತಿದ್ದ ಕ್ರೀಮ್ ವೋವ್ ರೀಮುಗಳೂ, ಲೆಟರ್‌ಹೆಡ್ಡಿಗೆಂದು ಇರುತ್ತಿದ್ದ ನೀಲಿ ಛಾಯೆಯ ಅಜ್ಯೂರ್ ಲೇಡ್ ರೀಮುಗಳೂ ಆ ಎರಡು ವಂಶದವು ಎಂದು ತಿಳಿದಾಗ ಭಾವ ಗೋದಾಮಿಗೆ ಓಡಿಹೋಗಿ ಒಂದೊಂದು ಹಾಳೆ ತಂದು ಕಿಟಕಿಗೆ ಹಿಡಿದ. ಒಂದರಲ್ಲಿ ಗೀರು ಕಂಡಿತು, ಇನ್ನೊಂದರಲ್ಲಿ ಇಲ್ಲ.

ಕಾಗದವಾಯಿತು, ಶಾಯಿ? ಅಗಸೆ ಎಣ್ಣೆ ಕಾಯಿಸಿ, ದೀಪದ ಮಸಿ ಸೇರಿಸಿ ಅವನೇ ಕಪ್ಪು ಶಾಯಿ ಮಾಡಿದ. ಪ್ರೆಸ್ಸಿನ ಹಾಸು ಸಮವಾಗಿಲ್ಲ ಎಂದು ಹೊಸದು ಮಾಡಿಸಿದ, ಮೆತ್ತನೆಯ ಪ್ಯಾಕಿಂಗ್ ತೆಗೆಸಿ ತೆಳ್ಳಗಿನ ಗಟ್ಟಿ ಪ್ಯಾಕಿಂಗ್ ಹಾಕಿಸಿದ. ಇದನ್ನು ನಾವು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಫೋರ್ಮನ್ನರು ನಶ್ಯದ ಡಬ್ಬಿ ಮುಚ್ಚಿ, ಟ್ರೆಡಲ್ ಅಣ್ಣನ ಕಡೆ ತಿರುಗಿ, “ಕೇಳಿಸ್ಕೊಂಡ್ಯಾ? ಇನ್ನೂರು ವರ್ಷದ ಹಿಂದೇನೇ ಗಟ್ಟಿ ಪ್ಯಾಕಿಂಗ್” ಎಂದರು. ಮೆತ್ತಗಿನ ಪ್ಯಾಕಿಂಗ್ ಹಾಕಿ ಬೇಗ ಮುಗಿಸಬೇಕೆನ್ನುವ ಅವನೊಂದಿಗೆ ಅವರ ಜಗಳ ಆ ವಯಸ್ಸಿನದೇ ಇರಬೇಕು.

ಇನ್ನೊಂದು ಸಂಗತಿ ಭಾವನ ತಲೆ ಕೆಡಿಸಿತು. ಬಾಸ್ಕರ್‌ವಿಲ್ ಅಚ್ಚಾದ ಹಸಿ ಹಾಳೆಗಳನ್ನು ಕಾಯಿಸಿದ ತಾಮ್ರದ ಫಲಕಗಳ ನಡುವೆ ಒತ್ತಿ ಹೊಳಪು ಬರಿಸುತ್ತಿದ್ದನಂತೆ. ಅತ್ತೆಯ ಇದ್ದಿಲು ಇಸ್ತ್ರಿ ಪೆಟ್ಟಿಗೆ ಇತ್ತು, ಎರಡು ದಿನ ಒಣಗಿದ ವೇಸ್ಟ್ ಕಾರ್ಡುಗಳಿದ್ದವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮಡಿಸಿದ ಪಂಚೆಯ ಮೇಲೆ ಕಾರ್ಡಿಟ್ಟು, ಮೇಲೊಂದು ಕಾಗದ ಹಾಕಿ ಭಾವ ಇಸ್ತ್ರಿ ಎಳೆದ. ಹೊಳಪು ಬಂತು! ನಿಜವಾಗಿಯೂ ಬಂತು, ಎಣ್ಣೆ ಕಾದ ವಾಸನೆಯೂ ಬಂತು. ಫೋರ್ಮನ್ನರು ಬಂದು ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿ, “ಚೆನ್ನಾಗಿದೆ ಮರಿ. ಐನೂರು ಕಾರ್ಡಿದೆ, ಇದ್ದಿಲು ತರ್ಸಿ” ಎಂದರು. ಆ ಉದ್ಯಮ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಮಾಡಿದ್ದಕ್ಕೆ ಬಾಸ್ಕರ್‌ವಿಲ್‌ನ ಊರಿನವರು ಏನೆಂದರು? ಗೆರೆ ತೀರ ತೆಳು, ಕಾಗದಕ್ಕೆ ತೀರ ಹೊಳಪು, ಓದಿದವರ ಕಣ್ಣು ಹೋಗುತ್ತದೆ ಎಂದರು. ಆಗ ಲಂಡನ್ನಿನಲ್ಲಿದ್ದ, ತಾನೂ ಮುದ್ರಕನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಹೀಗೆ ದೂರಿದ ಒಬ್ಬ ಮಹನೀಯನಿಗೆ ಒಂದು ಚೇಷ್ಟೆ ಮಾಡಿದ. ವಿಲಿಯಂ ಕ್ಯಾಸ್ಲನ್ನನ ಅಕ್ಷರದ ಮಾದರಿ ಹಾಳೆಯೊಂದರಲ್ಲಿ ಹೆಸರಿದ್ದ ತಲೆಭಾಗ ಹರಿದು, ಇದೇ ಬಾಸ್ಕರ್‌ವಿಲ್, ದೋಷ ತೋರಿಸಿ ಎಂದ. ಆತ ಅದರಲ್ಲೂ ತಪ್ಪುಗಳನ್ನೆಲ್ಲ ಎತ್ತಿ ಎತ್ತಿ ತೋರಿಸಿದನಂತೆ, ಕಣ್ಣು ನೋಯುತ್ತಿದೆ ಎಂದೂ ಹೇಳಿದನಂತೆ. ಎಲ್ಲರೂ ದಿನಾ ಓದುತ್ತಿದ್ದದ್ದು ಅದೇ ಕ್ಯಾಸ್ಲನ್ ಅಕ್ಷರವನ್ನು. ಫ್ರಾಂಕ್ಲಿನ್ 1760ರಲ್ಲಿ ಈ ಕತೆಯನ್ನು ಬಾಸ್ಕರ್‌ವಿಲ್‌ಗೇ ಕಾಗದ ಬರೆದು ತಿಳಿಸಿದ. ಇದು ನಮ್ಮ ಪ್ರೆಸ್ಸಿನಲ್ಲಿ ಎಷ್ಟು ಸಲ ಪುನಃ ಪುನಃ ಹೇಳಿಸಿಕೊಂಡ ಕತೆಯೋ ಲೆಕ್ಕವಿಲ್ಲ. ಪ್ರೂಫ್ ನೋಡಿ ಅಕ್ಷರ ಸರಿಯಿಲ್ಲ ಎಂದು ತಕರಾರು ತೆಗೆದ ಗಿರಾಕಿಗೆ ಅದೇ ಪ್ರೂಫನ್ನು ಮರುದಿನ ಮತ್ತೆ ತೋರಿಸಿ, “ಬದಲಾಯಿಸಿದೀವಿ ಸ್ವಾಮಿ” ಎನ್ನುವ ಅಭ್ಯಾಸ ಮಾವನಿಗೆ ಮೊದಲೇ ಇತ್ತು. ಈಗ ಅದಕ್ಕೊಂದು ಘನವಾದ ಪರಂಪರೆಯೂ ಸಿಕ್ಕಿತು.

1980ರ ದಶಕ ಮುಗಿಯುವ ಹೊತ್ತಿಗೆ ಆಫ್‌ಸೆಟ್ ಬಂತು, ಅದರ ಹಿಂದೆಯೇ ಡಿಟಿಪಿ. ಆ ವರ್ಷಗಳ ಬಗ್ಗೆ ಪ್ರೆಸ್ಸಿನ ಮನೆಯವರೆಲ್ಲ ಒಂದೇ ಕತೆ ಹೇಳುತ್ತಾರೆ, ನಾನು ಬೇರೇನೂ ಹೇಳಲಾರೆ. ಮೊಳೆಗಳನ್ನು ಸೀಸದ ತೂಕಕ್ಕೆ ಕೊಟ್ಟರು. ಕನ್ನಡ, ಟೈಮ್ಸ್, ಭಾಸ್ಕರ ಎಲ್ಲ ಒಂದೇ ಗೋಣಿಚೀಲ. ನೆನಪಿಗೆಂದು ಆ ಕ್ಯೂ ಒಂದನ್ನು ತೆಗೆದಿಟ್ಟುಕೊಂಡೆವು ಎಂದು ಬರೆಯಲು ಕೈ ತುಡಿಯುತ್ತದೆ, ಆದರೆ ಯಾರೂ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಆಗ ಇದ್ದ ಚಿಂತೆಗಳು ಬೇರೆ.

ಮೂಲದ ಬಾಸ್ಕರ್‌ವಿಲ್ ಪಂಚುಗಳ ಹಣೆಬರಹ ಇದಕ್ಕಿಂತ ಚೆನ್ನಾಗಿತ್ತು. 1775ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಸಾರಾ ಅವನ್ನು ಮಾರಿದಳು. 1779ರಲ್ಲಿ ಕೊಂಡವನು ಫ್ರೆಂಚ್ ನಾಟಕಕಾರ ಬೋಮಾರ್ಶೆ. ವಾಲ್ಟೇರನ ಸಮಗ್ರ ಕೃತಿಗಳನ್ನು ಫ್ರಾನ್ಸಿನ ಗಡಿಯಾಚೆ, ರೈನ್ ನದಿಯ ದಡದ ಕೇಲ್ ಊರಿನಲ್ಲಿ, ಆ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ. ಎಪ್ಪತ್ತು ಸಂಪುಟ. ಅಲ್ಲಿಂದ ಕೈಯಿಂದ ಕೈಗೆ ಹೋಗುತ್ತ ಪ್ಯಾರಿಸ್ಸಿನ ಫೌಂಡ್ರಿಯೊಂದನ್ನು ಸೇರಿದವು. ಇಂಗ್ಲೆಂಡಿನವರು ಮರೆತೇ ಬಿಟ್ಟಿದ್ದರು. 1917ರಲ್ಲಿ ಬ್ರೂಸ್ ರಾಜರ್ಸ್ ಎಂಬ ಅಮೆರಿಕದ ಪುಸ್ತಕ ವಿನ್ಯಾಸಕ ಅದರ ಮಾದರಿ ಹಾಳೆಯೊಂದನ್ನು ಕೇಂಬ್ರಿಜ್ಜಿನಲ್ಲಿ ನೋಡಿ ಬೆನ್ನುಹತ್ತಿದ. 1923ರಲ್ಲಿ ಮೊನೋಟೈಪ್ ಕಂಪನಿ ಹೊಸದಾಗಿ ಕಟೆದು ಯಂತ್ರಕ್ಕೆ ಒಗ್ಗಿಸಿತು. ನಮ್ಮ ಮೊಳೆಗಳು ಆ ಮರುಹುಟ್ಟಿನ ವಂಶದವು. ಹಳೆಯ ಪಂಚುಗಳನ್ನು 1953ರಲ್ಲಿ ಪ್ಯಾರಿಸ್ಸಿನವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಉಡುಗೊರೆಯಾಗಿ ಕೊಟ್ಟರು.

ಭಾವ ಆಮೇಲೆ ಡಿಟಿಪಿ ಅಂಗಡಿ ಇಟ್ಟ, ಚೆನ್ನಾಗಿಯೇ ನಡೆಸಿದ. ಕಂಪ್ಯೂಟರಿನಲ್ಲಿ ಬಾಸ್ಕರ್‌ವಿಲ್ ಓಲ್ಡ್ ಫೇಸ್ ಎಂಬ ಹೆಸರು ಕಂಡ ದಿನ ನನ್ನನ್ನು ಕರೆಸಿ ತೋರಿಸಿದ. ಜಿ ನೋಡಿದೊಡನೆ ಇಬ್ಬರಿಗೂ ಅನುಮಾನ. ಅದು ಬಾಸ್ಕರ್‌ವಿಲ್ ಬದುಕಿದ್ದಾಗಲೇ ಫ್ರೈ ಎಂಬುವರ ಫೌಂಡ್ರಿ ಅವನನ್ನು ಅನುಸರಿಸಿ ಮಾಡಿದ ಅಕ್ಷರದಿಂದ ಬಂದದ್ದು, ದೊಡ್ಡ ಅಳತೆಗೆ ಚೆಂದ, ಪುಸ್ತಕದ ಸಾಲಿಗೆ ಹೊಂದದು. ನೂರಾರು ಜನ ಅದನ್ನೇ ಅಸಲಿ ಎಂದು ಬಳಸುತ್ತಾರೆ. ಈಚೆಗೆ ಲೆಟರ್‌ಪ್ರೆಸ್ ಕಾರ್ಡುಗಳೇ ಮತ್ತೆ ಶೋಕಿಗೆ ಬಂದಿವೆ. ದಪ್ಪ ಹತ್ತಿ ಕಾಗದಕ್ಕೆ ಅಕ್ಷರವನ್ನು ಗುಂಡಿ ಬೀಳುವಷ್ಟು ಒತ್ತುತ್ತಾರೆ, ಎಷ್ಟು ಆಳವೋ ಅಷ್ಟು ದುಬಾರಿ. ಫೋರ್ಮನ್ನರು ಅದರ ಬೆನ್ನಿನ ಮೇಲೆ ಬೆರಳಾಡಿಸಿದ್ದರೆ ಮಷೀನು ನಿಲ್ಲಿಸಿ ಮನೆಗೆ ಹೋಗಿಬಿಡುತ್ತಿದ್ದರು.

ಭಾವನ ಮಗಳು ಈಗ ಗಂಡನ ಜೊತೆ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಳೆ. ಮೊಮ್ಮಗುವಿನ ಬಾಣಂತನ ಮುಗಿಸಿ ಹಿಂದಿರುಗುವ ಮುಂಚೆ ಭಾವ ಅಲ್ಲಿನ ಸೆಂಟಿನರಿ ಚೌಕಕ್ಕೆ ಹೋಗಿದ್ದ. ಬಾಸ್ಕರ್‌ವಿಲ್‌ನ ಮನೆ ಇದ್ದ ಜಾಗದಲ್ಲಿ ಈಗ ಅವನ ಹೆಸರಿನ ದೊಡ್ಡ ಕಟ್ಟಡವಿದೆ. ತನ್ನನ್ನು ಚರ್ಚಿನಲ್ಲಿ ಹೂಳಬಾರದು, ತನ್ನ ತೋಟದಲ್ಲೇ ಹೂಳಬೇಕು ಎಂದು ಉಯಿಲು ಬರೆದಿಟ್ಟ ಮನುಷ್ಯ ಅವನು. ಹೆಣಕ್ಕೆ ಅಲ್ಲಿ ನೆಮ್ಮದಿ ಸಿಗಲಿಲ್ಲ, ತೋಟ ಹೋಗಿ ಕಾಲುವೆ ಬಂತು, ಅವನನ್ನು ಎತ್ತಿ ಬೇರೆ ಕಡೆ ಸಾಗಿಸಿದರು. ಕಟ್ಟಡದ ಮುಂದೆ ಪಂಚುಗಳ ಆಕಾರದಲ್ಲಿ ಕಡೆದ ಬಿಳಿಗಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಡೇವಿಡ್ ಪ್ಯಾಟನ್ ಎಂಬ ಶಿಲ್ಪಿ 1990ರಲ್ಲಿ ಮಾಡಿದ್ದು. ಒಂದೊಂದರ ಮೇಲೂ ಕನ್ನಡಿಯಕ್ಷರ, ಸೇರಿಸಿ ಓದಿದರೆ ವರ್ಜಿಲ್.

ಅಲ್ಲಿಂದಲೇ ನನಗೆ ಫೋನು.

“ಇಲ್ಲಿ ನಿಂತಿರೋರಿಗೆ ಯಾರಿಗೂ ಓದಕ್ಕೆ ಬರ್ತಿಲ್ಲ ಕಣೋ. ಮಗಳು ಮೊಬೈಲಲ್ಲಿ ಫೋಟೋ ತಿರುಗಿಸಿ ನೋಡ್ತಿದಾಳೆ. ನಾನು ಬಸ್ ಇಳೀತಾ ಇದ್ದ ಹಾಗೇ ಓದಿಬಿಟ್ಟೆ.”

“ಜಿ ಹೇಗಿದೆ ಭಾವ?”

“ಕ್ಯಾಪಿಟಲ್ ಕಣೋ, ಇದರಲ್ಲಿ ಬಾಯಿ ಎಲ್ಲಿ ನೋಡ್ತೀಯಾ. ಅದು ಬಿಡು, ಒಂದು ತಪ್ಪಿದೆ. ನಿಕ್ಕೇ ಕೊಟ್ಟಿಲ್ಲ. ಸುತ್ತ ಬಂದು ಹುಡುಕಿದೆ.”

“ಅವು ಮೊಳೆ ಅಲ್ಲ ಭಾವ, ಪಂಚು. ಪಂಚಿಗೆ ನಿಕ್ ಎಲ್ಲಿಂದ ಬರಬೇಕು?”

ಸ್ವಲ್ಪ ಹೊತ್ತು ಗಾಳಿಯ ಸದ್ದು, ಮಗಳು ಏನೋ ಕೇಳಿದ್ದು, ಮಗು ಅತ್ತದ್ದು.

“ಹೌದಲ್ವಾ,” ಎಂದ. “ಸರಿ, ಮಳೆ ಶುರುವಾಯ್ತು. ಪಕ್ಕದಲ್ಲೇ ಲೈಬ್ರರಿ, ಅವನ ಪುಸ್ತಕಗಳೆಲ್ಲ ಅಲ್ಲೇ ಇಟ್ಟಿದಾರಂತೆ. ಬೆನ್ನು ಮುಟ್ಟಿ ನೋಡಕ್ಕೆ ಬಿಡ್ತಾರೋ ಇಲ್ವೋ ಕೇಳ್ತೀನಿ, ಇಡು.”